ರಾಜಕೀಯಕ್ಕೆ ಬಿಟ್ಟುಕೊಡಲು ಮನೆಯಲ್ಲಿ ಮಗನಿಲ್ಲ: ಕರಾವಳಿ ಕ್ಯಾಥೊಲಿಕರ ಒಂದು ಲೆಕ್ಕ

ಸೆಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್. ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸ ಅಕ್ಕಿ ಊಟ. ಬೆಳಿಗ್ಗೆ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗುತ್ತಾರೆ. ಪಾದ್ರಿಗಳು ಆಶೀರ್ವಾದ ಮಾಡಿಕೊಟ್ಟ ಭತ್ತದ ತೆನೆ ಮನೆಗೆ ಬರುತ್ತದೆ. ಇದಕ್ಕೆ ಕೊಂಕಣಿಯಲ್ಲಿ ನೊವೆಂ ಅಂತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಆಮೇಲೆ ಬಾಳೆಎಲೆ ಊಟ. ಅವತ್ತು ಮೀನು ಮಾಂಸ ಇಲ್ಲ. ಪಲ್ಯ ಮೂರೋ ಐದೋ ಏಳೋ, ಒಟ್ಟಿನಲ್ಲಿ ಬೆಸ ಲೆಕ್ಕದಲ್ಲಿ ಇರಬೇಕು.

ನಮ್ಮ ಮನೆಯಲ್ಲಿ ಅಮ್ಮ ಹಾಲಿಗೆ ಹಾಕುವ ಮೊದಲೇ ಒಂದಿಷ್ಟು ಕಾಳು ತೆಗೆದಿಡುತ್ತಾರೆ. ಎರಡು ಸಣ್ಣ ಲಕೋಟೆ. ಒಂದರ ಮೇಲೆ ಬಹರೈನ್ ಅಂತ ಬರೆಯುತ್ತಾರೆ, ಇನ್ನೊಂದರ ಮೇಲೆ ಟೊರೊಂಟೊ. ಊರಿಗೆ ಬಂದು ವಾಪಸ್ ಹೋಗುವವರು ಯಾರಾದರೂ ಸಿಕ್ಕಿದರೆ ಅವರ ಕೈಯಲ್ಲಿ ಕಳಿಸುತ್ತಾರೆ. ಹೋದ ವರ್ಷ ಎಲೆ ಮುಂದೆ ಕೂತದ್ದು ಮೂರು ಜನ. ವಿಡಿಯೋ ಕಾಲ್‌ನಲ್ಲಿ ಇದ್ದದ್ದು ಒಂಬತ್ತು ಜನ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಮತದಾರರ ಪಟ್ಟಿ ಹಿಡಿದುಕೊಂಡು ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೆ ಬಂದಿದ್ದರು. ‘ಬಾಯಮ್ಮ, ಈ ಮನೆಯಲ್ಲಿ ಓಟು ಎಷ್ಟು?’ ಅಂತ ಕೇಳಿದರು. ‘ಆರು’ ಅಂದರು ಅಮ್ಮ. ಮನೆಯಲ್ಲಿ ಆಗ ಇದ್ದದ್ದು ಎರಡು. ಅಮ್ಮ ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಆ ಮನೆ ಇನ್ನೂ ಆರು ಜನರದ್ದೇ.

ಕರಾವಳಿಯ ಕ್ಯಾಥೊಲಿಕರು ರಾಜಕೀಯದಿಂದ ಯಾಕೆ ಹಿಂದೆ ಸರಿದರು ಅನ್ನುವ ಪ್ರಶ್ನೆ ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಅದಕ್ಕೆ ಎರಡು ಉತ್ತರ ಸಿದ್ಧ ಇರುತ್ತವೆ. ಒಂದು, ಸಂಖ್ಯೆ ಕಡಿಮೆ. ಇನ್ನೊಂದು, ಭಯ. ಎರಡರಲ್ಲೂ ನಿಜ ಇದೆ. ಆದರೆ ನನಗೆ ಮುಖ್ಯ ಅನ್ನಿಸುವುದು ಮೂರನೆಯದು: ಮಕ್ಕಳ ಬಗ್ಗೆ ನಮ್ಮ ಮನೆಗಳು ಇಟ್ಟುಕೊಂಡ ಆಸೆ. ಆ ಆಸೆಗೆ ಬೆನ್ನೆಲುಬಾಗಿ ನಿಂತದ್ದು ನಮ್ಮ ವಿಶ್ವಾಸ, ಅಂದರೆ ನಮ್ಮ ಧರ್ಮದ ನಂಬಿಕೆ. ರಾಜಕೀಯಕ್ಕೆ ಬೇಕಾದ ಜನರನ್ನು ಊರಿನಿಂದ ಕರೆದುಕೊಂಡು ಹೋದದ್ದೂ ಅದೇ ಆಸೆ.

ಮೊದಲು ಸಂಖ್ಯೆಯ ಮಾತು ಮುಗಿಸಿಬಿಡೋಣ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಪಂಗಡದ ಕ್ರೈಸ್ತರು ಸೇರಿ ಸುಮಾರು 11.4 ಲಕ್ಷ. ರಾಜ್ಯದ ಜನಸಂಖ್ಯೆಯಲ್ಲಿ ಶೇ 2 ಕೂಡ ಇಲ್ಲ. ದಕ್ಷಿಣ ಕನ್ನಡದಲ್ಲಿ ಮಾತ್ರ ಶೇ 8ರಷ್ಟು. ಬರೀ ನಮ್ಮ ಓಟಿನಿಂದ ಗೆಲ್ಲಬಹುದಾದ ಕ್ಷೇತ್ರ ರಾಜ್ಯದಲ್ಲಿ ಒಂದೂ ಇಲ್ಲ. ಸರಿ. ಆದರೆ ಹಿಂದೆಯೂ ಇರಲಿಲ್ಲ ಅಲ್ವಾ?

ಆಸ್ಕರ್ ಫೆರ್ನಾಂಡಿಸ್ ಉಡುಪಿ ಲೋಕಸಭಾ ಕ್ಷೇತ್ರದಿಂದ 1980ರಿಂದ 1996ರವರೆಗೆ ಸಾಲಾಗಿ ಐದು ಸಲ ಗೆದ್ದರು. ಹೆಡ್‌ಮಾಸ್ಟರ್ ಮಗ. ಎಲ್‌ಐಸಿಯಲ್ಲಿ ದುಡಿದವರು. ಕೃಷ್ಣ ಮಠದ ಊರಿನಲ್ಲಿ ಒಬ್ಬ ಪೊರ್ಬುವಿಗೆ (ಕ್ರೈಸ್ತರನ್ನು ಇಲ್ಲಿ ಕರೆಯುವುದು ಹೀಗೆ) ಹದಿನೆಂಟು ವರ್ಷ ಓಟು ಹಾಕಿದವರಲ್ಲಿ ಬಹುಪಾಲು ಜನ ಮೊಗವೀರರು, ಬಿಲ್ಲವರು, ಬಂಟರು. ಮಾರ್ಗರೆಟ್ ಆಳ್ವ ಮಂಗಳೂರಲ್ಲಿ ಹುಟ್ಟಿದವರು. 1974ರಿಂದ ನಾಲ್ಕು ಅವಧಿಗೆ ರಾಜ್ಯಸಭೆಯಲ್ಲಿದ್ದು, 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು. ಅಲ್ಲಿ ಕ್ರೈಸ್ತರು ಇನ್ನೂ ಕಡಿಮೆ. ಹಾಗಾಗಿ ಸಂಖ್ಯೆ ಒಂದೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈ ಕತೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಹೆಸರು ಜಾರ್ಜ್ ಫೆರ್ನಾಂಡಿಸ್. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದರು. ಆರು ಮಕ್ಕಳಲ್ಲಿ ಹಿರಿಯರು. ಆ ಕಾಲದ ಕ್ಯಾಥೊಲಿಕ್ ಮನೆಗಳಲ್ಲಿ ಒಬ್ಬ ಮಗನನ್ನು ಪಾದ್ರಿ ಮಾಡುವುದು ದೊಡ್ಡ ಗೌರವ. ಹದಿನಾರನೇ ವಯಸ್ಸಿಗೆ ಅವರನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಎರಡು ಚಿಲ್ಲರೆ ವರ್ಷಕ್ಕೆ ಬಿಟ್ಟು ಬಂದರು. ಯಾಕೆ ಅನ್ನುವುದನ್ನು ಮುಂದೆ ಅವರೇ ಹೇಳಿದ್ದಾರೆ. ಅಲ್ಲಿ ಮೇಲಿನ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ಕಲಿಯಲು ಬಂದ ಹುಡುಗರಿಗೆ ಬೇರೆ ಊಟ. ಯೇಸು ಹೇಳಿದ್ದಕ್ಕೂ ಊಟದ ಮನೆಯಲ್ಲಿ ನಡೆಯುತ್ತಿದ್ದುದಕ್ಕೂ ಅವರಿಗೆ ತಾಳೆಯಾಗಲಿಲ್ಲ. 1949ರಲ್ಲಿ ಮುಂಬೈಗೆ ಹೋಗಿ ಬೀದಿಯಲ್ಲಿ ಮಲಗಿ ಎದ್ದರು, ಕಾರ್ಮಿಕರನ್ನು ಸಂಘಟಿಸಿದರು. 1967ರಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. 1974ರ ರೈಲ್ವೆ ಮುಷ್ಕರಕ್ಕೆ ನಾಯಕರಾದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಓಟಿನ ಅಂತರದಲ್ಲಿ ಗೆದ್ದರು.

ಮುಂದೆ ಅವರು ಬಿಜೆಪಿ ಜೊತೆ ಸೇರಿ ರಕ್ಷಣಾ ಮಂತ್ರಿ ಆದದ್ದು, 1999ರಲ್ಲಿ ಒಡಿಶಾದಲ್ಲಿ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳ ಕೊಲೆಯ ಬಗ್ಗೆ ಅವರಿದ್ದ ಮಂತ್ರಿಗಳ ತಂಡ ಸರ್ಕಾರದ ವಿರುದ್ಧದ ಪಿತೂರಿ ಎಂದದ್ದು, ನಮ್ಮಲ್ಲಿ ಬಹಳ ಜನರಿಗೆ ಇವತ್ತಿಗೂ ನೋವಿನ ವಿಷಯ. ನನಗೂ ಹೌದು. ಆದರೆ ಇಲ್ಲಿ ನಾನು ಹೇಳಬೇಕೆಂದಿರುವುದು ಬೇರೆ. ಆರು ಮಕ್ಕಳಿದ್ದ ಮನೆ ಒಬ್ಬ ಮಗನನ್ನು ದೇವರಿಗೆ ಬಿಟ್ಟುಕೊಡಲು ತಯಾರಿತ್ತು. ಆ ಮಗ ದೇವಾಲಯ ಬಿಟ್ಟು ಬೀದಿಗೆ ಇಳಿದ. ಎರಡಕ್ಕೂ ಮನೆಯಲ್ಲಿ ಒಂದು ಕೈ ಜಾಸ್ತಿ ಇರಬೇಕಿತ್ತು. ಇತ್ತು.

ನನ್ನ ಅಜ್ಜಿಗೆ ಹತ್ತು ಮಕ್ಕಳು. ಒಬ್ಬಳು ಮದರ್ ಆಗಿ ಕಾನ್ವೆಂಟ್ ಸೇರಿದಳು, ಒಬ್ಬ ಪಾದ್ರಿಯಾದ, ಇಬ್ಬರು ಮುಂಬೈಗೆ ಹೋದರು, ಒಬ್ಬ ಗದ್ದೆ ನೋಡಿಕೊಂಡ, ಇನ್ನೊಬ್ಬ ಊರಿನ ಸೊಸೈಟಿ, ಪಂಚಾಯತಿ ಅಂತ ಓಡಾಡಿಕೊಂಡಿದ್ದ. ನನ್ನ ಅಮ್ಮನಿಗೆ ನಾಲ್ಕು. ನಮ್ಮ ತಲೆಮಾರಿಗೆ ಒಂದೋ ಎರಡೋ. ಕೃತಕ ಸಂತಾನ ನಿಯಂತ್ರಣ ಸರಿಯಲ್ಲ ಎಂದು ಧರ್ಮಸಭೆ (ಕ್ಯಾಥೊಲಿಕ್ ಚರ್ಚು) 1968ರಲ್ಲೇ ಖಡಾಖಂಡಿತವಾಗಿ ಹೇಳಿದೆ. ಆದರೂ ನಮ್ಮ ಮನೆಗಳು ಚಿಕ್ಕವಾದವು. ಶಾಲೆ ಫೀಸು, ಮದುವೆ ಖರ್ಚು, ಮನೆ ಸಾಲ ನೋಡಿ ದಂಪತಿಗಳೇ ತೀರ್ಮಾನ ಮಾಡಿಕೊಂಡರು. ಇರುವ ಇಬ್ಬರಲ್ಲಿ ಯಾರನ್ನು ಬಿಟ್ಟುಕೊಡುತ್ತೀರಿ? ಸೆಮಿನರಿಗೆ ಹುಡುಗರು ಬರುತ್ತಿಲ್ಲ ಎಂದು ಪಾದ್ರಿಗಳು ಪ್ರವಚನದಲ್ಲಿ ಬೇಸರ ಮಾಡಿಕೊಳ್ಳುತ್ತಾರೆ. ರಾಜಕೀಯಕ್ಕೆ ನಮ್ಮ ಹುಡುಗರು ಬರುತ್ತಿಲ್ಲ ಎಂದು ಸಮುದಾಯದ ಮುಖಂಡರು ಸಭೆಗಳಲ್ಲಿ ಹೇಳುತ್ತಾರೆ. ಎರಡೂ ಒಂದೇ ಬರಗಾಲ ಅಂತ ನನಗೆ ಅನ್ನಿಸುತ್ತದೆ.

ಆ ಇಬ್ಬರು ಮಕ್ಕಳು ಎಲ್ಲಿಗೆ ಹೋದರು ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಅದೇ ಕಾಲಕ್ಕೆ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧ ಕೊಡಲು ಕೂತರು. 1912ರಲ್ಲಿ ಕ್ಯಾಥೊಲಿಕ್ ಸಹಕಾರಿ ಬ್ಯಾಂಕ್ ಬಂತು. 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು. ಇಂಗ್ಲಿಷ್ ಕಲಿತ ಹುಡುಗರು ಮುಂಬೈಯ ಆಫೀಸುಗಳಿಗೆ ಹೋದರು. ಎಪ್ಪತ್ತರ ದಶಕದಲ್ಲಿ ಗಲ್ಫ್ ತೆರೆಯಿತು. ಈಗ ಕೆನಡಾ, ಆಸ್ಟ್ರೇಲಿಯಾ, ಐರ್ಲೆಂಡ್. ಇಗರ್ಜಿಯ ಪಕ್ಕದ ಶಾಲೆಯಿಂದ ವಿಮಾನ ನಿಲ್ದಾಣದವರೆಗೆ ಒಂದೇ ರಸ್ತೆ. ಆ ರಸ್ತೆ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ. ಲಕ್ಷಾಂತರ ಜನರನ್ನು ಅದು ಬಡತನದಿಂದ ಎತ್ತಿದೆ, ನಮ್ಮವರನ್ನು ಮಾತ್ರ ಅಲ್ಲ.

ಆದರೆ ಆ ರಸ್ತೆಗಿಂತ ಮುಂಚಿನ ಒಂದು ಮಾತನ್ನು ನಮ್ಮ ಮನೆಗಳು ಮರೆತಿವೆ. ನಾವು ಮೊಂತಿ ಫೆಸ್ತ್ ಊಟ ಮಾಡುವ ಮನೆ ಇರುವುದು ಡಿಕ್ಲರೇಶನ್‌ನಲ್ಲಿ ಸಿಕ್ಕ ಜಾಗದಲ್ಲಿ. ದಕ್ಷಿಣ ಕನ್ನಡದವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು. ಒಕ್ಕಲು ಅರ್ಜಿ ಕೊಡಬೇಕು, ಅದೇ ಡಿಕ್ಲರೇಶನ್. ಟ್ರಿಬ್ಯುನಲ್ ವಿಚಾರಣೆ ಮಾಡಿ ತೀರ್ಪು ಕೊಡುತ್ತಿತ್ತು. ಬಿಲ್ಲವರಂತೆ, ಇತರ ಒಕ್ಕಲುಗಳಂತೆ ಸಾವಿರಾರು ಕ್ಯಾಥೊಲಿಕ್ ಗೇಣಿದಾರರಿಗೂ ಭೂಮಿ ಬಂತು. ಟ್ರಿಬ್ಯುನಲ್ ಎದುರು ನಿಲ್ಲುವ ದಿನ ನಮ್ಮ ಅಜ್ಜ ಜೇಬಿನಲ್ಲಿ ಜಪಮಾಲೆ ಇಟ್ಟುಕೊಂಡು ಹೋಗಿದ್ದರಂತೆ. ಭೂಮಿ ಸಿಕ್ಕಿದ ಮೇಲೆ ಸಂತ ಅಂತೋನಿಯವರಿಗೆ ಹರಕೆ ತೀರಿಸಿದರು. ಮನೆಯಲ್ಲಿ ಇವತ್ತಿಗೂ ಹೇಳುವುದು ಹರಕೆಯ ಕತೆ. ಆ ಕಾನೂನಿಗಾಗಿ ಯಾರು ಹೋರಾಡಿದರು, ಯಾರು ವಿಧಾನಸಭೆಯಲ್ಲಿ ಕೈ ಎತ್ತಿದರು, ಯಾರು ಅಜ್ಜನಿಗೆ ಅರ್ಜಿ ಬರೆದುಕೊಟ್ಟರು ಅನ್ನುವ ಕತೆ ಯಾರಿಗೂ ಗೊತ್ತಿಲ್ಲ. ಕರಾವಳಿಯ ಕ್ಯಾಥೊಲಿಕರು ಅಷ್ಟು ವರ್ಷ ಕಾಂಗ್ರೆಸ್ಸನ್ನು ಬಿಡದೆ ಇದ್ದದ್ದಕ್ಕೆ ಜಾತ್ಯತೀತ ಸಿದ್ಧಾಂತಕ್ಕಿಂತ ಈ ಭೂಮಿಯೇ ದೊಡ್ಡ ಕಾರಣ ಅನ್ನುವುದು ನನ್ನ ಅಂದಾಜು.

ಆ ಭೂಮಿಯ ತೆಂಗು, ಅಡಿಕೆ, ಮಲ್ಲಿಗೆ ಮಾರಿ ಮಕ್ಕಳನ್ನು ಓದಿಸಿದರು. ಅದೇ ಭೂಮಿಯನ್ನು ಅಡ ಇಟ್ಟು ವೀಸಾ ಮಾಡಿಸಿದರು. ನಮ್ಮ ಕುಟುಂಬದ ಏಳಿಗೆಯ ಮೊದಲ ಮೆಟ್ಟಿಲು ರಾಜಕೀಯವೇ ಆಗಿತ್ತು. ಆದರೆ ನಾವು ಮಕ್ಕಳಿಗೆ ಹೇಳಿಕೊಟ್ಟದ್ದು ‘ರಾಜಕೀಯ ನಮಗಲ್ಲ ಪುತಾ’ ಅನ್ನುವ ಮಾತನ್ನು.

ವಿಶ್ವಾಸ ಹಾಗೆ ಹೇಳುತ್ತದೆಯಾ? ಖಂಡಿತ ಇಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲಿ, ದುಡಿಯುವವನ ಕೂಲಿ ಅವನ ಹೆಂಡತಿ ಮಕ್ಕಳನ್ನು ಸಾಕುವಷ್ಟು ಇರಬೇಕು ಎಂಬ ವಾದ ಇದೆ. ಅಂದರೆ ಮನೆಯೊಳಗಿನ ಅನ್ನದ ಪ್ರಶ್ನೆ ಹೊರಗಿನ ಕಾನೂನಿನ ಪ್ರಶ್ನೆಯೂ ಹೌದು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಈಗಿನ ಪೋಪ್ ಲಿಯೋ ಹೆಸರನ್ನು ತಗೊಂಡಿದ್ದಕ್ಕೆ ಆ ಪತ್ರವನ್ನೇ ಮುಖ್ಯ ಕಾರಣವಾಗಿ ಹೇಳಿದರು. ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ ರಾಜಕೀಯವನ್ನು ಕಷ್ಟದ, ಆದರೆ ಗೌರವದ ಕೆಲಸ ಎಂದಿತು. ಒಳ್ಳೆಯ ಕ್ಯಾಥೊಲಿಕ್ ರಾಜಕೀಯದಿಂದ ದೂರ ನಿಲ್ಲಬಾರದು ಎಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಹೇಳಿದ್ದರು. ಅದೇ ಧರ್ಮಸಭೆಯ ಕಾನೂನು ಪಾದ್ರಿಗಳು ಅಧಿಕಾರದ ಹುದ್ದೆ ಹಿಡಿಯುವುದನ್ನು ತಡೆಯುತ್ತದೆ. ಅಂದರೆ ಈ ಕೆಲಸ ಜನಸಾಮಾನ್ಯ ಕ್ರೈಸ್ತರದ್ದು, ಅಪ್ಪ ಅಮ್ಮಂದಿರದ್ದು, ಮಕ್ಕಳದ್ದು.

ಚುನಾವಣೆ ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಪ್ರತಿ ಇಗರ್ಜಿಯಲ್ಲಿ ವಾಳೆಗಳಿವೆ, ಅಂದರೆ ವಾರ್ಡುಗಳು. ವಾಳೆಗೊಬ್ಬ ಗುರಿಕಾರ. ಮೇಲೆ ಪಾಲನಾ ಮಂಡಳಿ, ಅದಕ್ಕೆ ಉಪಾಧ್ಯಕ್ಷ, ಕಾರ್ಯದರ್ಶಿ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಫೀಸಿಗೆ ದುಡ್ಡಿಲ್ಲ, ಯಾರ ಬಾವಿ ಬತ್ತಿದೆ, ಎಲ್ಲವೂ ಗುರಿಕಾರನಿಗೆ ಬಾಯಿಪಾಠ. ಪಂಚಾಯತಿ ಸದಸ್ಯನಿಗೆ ಬೇಕಾದದ್ದು ಇದೇ ವಿದ್ಯೆ ತಾನೇ? ಆದರೆ ಇಗರ್ಜಿಯ ಗೇಟಿನ ಹೊರಗೆ ಅದು ಬರುವುದಿಲ್ಲ.

ಭಯದ ವಿಷಯಕ್ಕೆ ಬರೋಣ. 2008ರ ಸೆಪ್ಟೆಂಬರ್ 14 ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಬಳಿ ಸಿಸ್ಟರ್‌ಗಳ ಆರಾಧನಾ ಮಠಕ್ಕೆ ಗುಂಪೊಂದು ನುಗ್ಗಿ ದಾಂಧಲೆ ಮಾಡಿತು. ಅದೇ ದಿನ ಬೇರೆ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿ ಆಯಿತು. ನಂತರದ ದಿನಗಳಲ್ಲಿ ಪ್ರತಿಭಟನೆ, ಲಾಠಿ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಮಠದೊಳಗೆ ಒಡೆದ ಶಿಲುಬೆಯ ಚಿತ್ರವನ್ನು ಪೇಪರಿನಲ್ಲಿ ನೋಡಿದ ನಮ್ಮ ಪಕ್ಕದ ಮನೆಯ ಅಜ್ಜಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಪಿಯುಸಿ ಓದುತ್ತಿದ್ದ ಅವರ ಮೊಮ್ಮಗ ಈಗ ಹೊರದೇಶದಲ್ಲಿದ್ದಾನೆ. ಅವನು ಹೇಗಿದ್ದರೂ ಹೋಗುತ್ತಿದ್ದನೇನೋ. ಆದರೆ ಅಲ್ಲಿಯವರೆಗೆ ‘ಒಳ್ಳೆ ಸಂಬಳ’ ಅಂತಿದ್ದ ಕಾರಣಕ್ಕೆ ‘ಇಲ್ಲಿ ಇರುವುದು ಬೇಡ’ ಅನ್ನುವ ಇನ್ನೊಂದು ಕಾರಣ ಸೇರಿಕೊಂಡಿತು.

ರಾಜಕೀಯದ ಸ್ವರೂಪವೂ ಬದಲಾಯಿತು. ಆಸ್ಕರ್, ಜಾರ್ಜ್ ಇಬ್ಬರೂ ಕ್ಯಾಥೊಲಿಕರ ಪ್ರತಿನಿಧಿ ಆಗಿರಲಿಲ್ಲ. ಒಬ್ಬರು ಉಡುಪಿಯವರ ಪ್ರತಿನಿಧಿ, ಇನ್ನೊಬ್ಬರು ಕಾರ್ಮಿಕರ ಪ್ರತಿನಿಧಿ. ಈಗ ನಮ್ಮ ರಾಜಕೀಯ ಅಂದರೆ ಬಹುಮಟ್ಟಿಗೆ ನಿಯೋಗ ಹೋಗುವುದು, ಮನವಿ ಕೊಡುವುದು, ಫೋಟೋ ತೆಗೆಸಿಕೊಳ್ಳುವುದು. ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾದಾಗ, 2022ರಲ್ಲಿ ಜಾರಿಗೆ ಬಂದಾಗ ಬಿಷಪರು ಮನವಿ ಕೊಟ್ಟರು, ಸಭೆಗಳು ನಡೆದವು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಮನವಿ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಕುಡಿಯುವ ನೀರು, ಮೀನುಗಾರಿಕೆ ರಸ್ತೆ, ಸರ್ಕಾರಿ ಶಾಲೆಯ ಬಗ್ಗೆ ನೆರೆಯವರ ಜೊತೆ ನಿಲ್ಲದವರು ಕಷ್ಟ ಬಂದಾಗ ಮಾತ್ರ ಬಾಗಿಲು ತಟ್ಟಿದರೆ ಅಲ್ಲಿ ನಿಲ್ಲುವ ಕಾಲು ಗಟ್ಟಿ ಇರುವುದಿಲ್ಲ.

ಪಕ್ಕದ ಕೇರಳದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಕ್ರೈಸ್ತರು ಶೇ 18ರಷ್ಟು. 2021ರಲ್ಲಿ ಪಾಲಾ ಧರ್ಮಪ್ರಾಂತವು (ಒಬ್ಬ ಬಿಷಪರ ಆಡಳಿತದ ಪ್ರದೇಶ), 2000ದ ನಂತರ ಮದುವೆಯಾಗಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ಕೊಡುವುದಾಗಿ ಹೇಳಿತು. 2023ರ ಮಾರ್ಚ್‌ನಲ್ಲಿ ತಲಶ್ಶೇರಿಯ ಆರ್ಚ್‌ಬಿಷಪ್ ಇನ್ನೂ ಮುಂದೆ ಹೋದರು. ಕೇಂದ್ರ ಸರ್ಕಾರ ರಬ್ಬರಿಗೆ ಕಿಲೋಗೆ 300 ರೂಪಾಯಿ ಕೊಡಿಸಿದರೆ, ಕೇರಳದಿಂದ ಬಿಜೆಪಿಗೆ ಎಂಪಿ ಇಲ್ಲ ಅನ್ನುವ ಕೊರತೆ ನೀಗಿಸುತ್ತೇವೆ ಅಂದರು. 2024ರಲ್ಲಿ ಕ್ರೈಸ್ತರು ಹೆಚ್ಚಿರುವ ತ್ರಿಶೂರಿನಲ್ಲೇ ಬಿಜೆಪಿ ಕೇರಳದ ತನ್ನ ಮೊದಲ ಲೋಕಸಭಾ ಸೀಟು ಗೆದ್ದಿತು. 2025ರ ಜುಲೈನಲ್ಲಿ ಛತ್ತೀಸಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳದ ಇಬ್ಬರು ಸಿಸ್ಟರ್‌ಗಳನ್ನು ಬಂಧಿಸಿದಾಗ, ಕೇರಳದ ಬಿಷಪರು ಬೀದಿಗೆ ಬಂದು ಪ್ರತಿಭಟಿಸಬೇಕಾಯಿತು.

ರಬ್ಬರ್ ಬೆಳೆಗಾರನ ಸಂಕಟ ನನಗೆ ಅರ್ಥವಾಗುತ್ತದೆ. ಅವನ ಮಗಳ ನರ್ಸಿಂಗ್ ಫೀಸು ಆ ರಬ್ಬರ್ ಹಾಲಿನಿಂದಲೇ ಬರಬೇಕು. ಆದರೆ ಆ ಸಂಕಟವನ್ನು ಬಿಷಪರು ಒಂದು ಕಟ್ಟು ಓಟಾಗಿ ಮೇಜಿನ ಮೇಲೆ ಇಟ್ಟದ್ದು ನನಗೆ ಸರಿ ಕಾಣಲಿಲ್ಲ. ಬೆಲೆ ಕೇಳಬೇಕಾದವನು ಬೆಳೆಗಾರ. ಇತರ ಬೆಳೆಗಾರರ ಜೊತೆ, ಹಿಂದೂ ಮುಸ್ಲಿಮರೆನ್ನದೆ, ಅವನೇ ಕೇಳಬೇಕು. ಮಕ್ಕಳನ್ನು ಹೆರಲು 1,500 ರೂಪಾಯಿ ಕೊಡುವುದೂ ಅಷ್ಟೇ. ಐದನೆಯ ಮಗು ಕೂಡ ಇಪ್ಪತ್ತು ವರ್ಷಕ್ಕೆ, ಹೊರದೇಶಕ್ಕೆ ಹೋಗಲು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಕೋಚಿಂಗಿಗೆ ಸೇರುತ್ತದೆ.

ಇಷ್ಟು ಹೊತ್ತು ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮಾತಾಯಿತು. ಕರ್ನಾಟಕದ ಕ್ಯಾಥೊಲಿಕರು ಅಂದರೆ ಅವರಷ್ಟೇ ಅಲ್ಲ. ಬೆಂಗಳೂರು, ಕೋಲಾರ, ಮೈಸೂರು, ಚಾಮರಾಜನಗರದ ಕಡೆ ಕನ್ನಡ, ತಮಿಳು ಮಾತಾಡುವ ಸಾವಿರಾರು ದಲಿತ ಕ್ಯಾಥೊಲಿಕ್ ಕುಟುಂಬಗಳಿವೆ. ಅವರ ಮಟ್ಟಿಗೆ ವಿಶ್ವಾಸ, ಮಕ್ಕಳ ಭವಿಷ್ಯ, ರಾಜಕೀಯ ಮೂರೂ ಒಂದೇ ಕಾಗದದಲ್ಲಿ ಸೇರಿಕೊಂಡಿವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ಊರಲ್ಲಿ ಅದೇ ಕೇರಿ, ಅದೇ ಕೂಲಿ, ಅದೇ ಅವಮಾನ. ಆದರೆ ಇಗರ್ಜಿಯ ರಿಜಿಸ್ಟರಿನಲ್ಲಿ ಮಗುವಿನ ಹೆಸರು ಬರೆಸಿದರೆ ಜಾತಿ ಸರ್ಟಿಫಿಕೇಟು ಹೋಗುತ್ತದೆ. ಅದರ ಜೊತೆ ಸೀಟು, ಹಾಸ್ಟೆಲು, ಕೆಲಸ. ಮೀಸಲಾತಿಗಾಗಿ ಒಂದು ಧರ್ಮ, ಮನೆಯಲ್ಲಿ ಇನ್ನೊಂದು ಎಂದರೆ ಅದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಇಡೀ ಪ್ರಶ್ನೆ ನೋಡಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿದೆ.

ಯಾವ ಅಪ್ಪ ಅಮ್ಮನಿಗೂ ಬರಬಾರದ ಆಯ್ಕೆ ಇದು. ಮಗುವಿನ ಹಣೆಗೆ ದೀಕ್ಷಾಸ್ನಾನದ ನೀರು ಬೀಳುವಾಗಲೇ ಅದರ ಸೀಟಿನ ಲೆಕ್ಕ ಹಾಕಬೇಕು. ಈ ಕುಟುಂಬಗಳ ಪರವಾಗಿ ಮೊದಲು ಮಾತಾಡಬೇಕಾದವರು ಕಾಲೇಜು, ಆಸ್ಪತ್ರೆ, ಬ್ಯಾಂಕು ಎಲ್ಲ ಇರುವ ನಾವು ಕರಾವಳಿಯವರು. ನಮ್ಮ ಸಭೆಗಳಲ್ಲಿ ಈ ಮಾತು ಬರುವುದು ತೀರಾ ಅಪರೂಪ. ಮದುವೆ ಮಾತುಕತೆಯಲ್ಲಿ ಬಾಮಣ್, ಚಾರ್ಡಿ ಅಂತ ಹಳೆಯ ಜಾತಿಯನ್ನು ಇವತ್ತಿಗೂ ಪಿಸುಮಾತಿನಲ್ಲಿ ಕೇಳುವವರು ಇದ್ದಾರೆ. ಮೌನಕ್ಕೆ ಅದೂ ಒಂದು ಕಾರಣ ಅಂತ ಹೇಳಲೇಬೇಕು.

ಮತ್ತೆ ಅಮ್ಮನ ಆರು ಓಟಿನ ಲೆಕ್ಕಕ್ಕೆ ಬರುತ್ತೇನೆ. ಹೊರದೇಶದಲ್ಲಿರುವವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅನಿವಾಸಿ ಮತದಾರರಾಗಿ ಹೆಸರು ಸೇರಿಸಬಹುದು. ಆದರೆ ಓಟು ಹಾಕಲು ಊರಿನ ಬೂತಿಗೇ ಬರಬೇಕು. ಬಹರೈನಿನಲ್ಲಿರುವ ಅಣ್ಣ ಒಂದು ಓಟಿಗಾಗಿ ರಜೆ ಹಾಕಿ ಬರುವುದಿಲ್ಲ. ಟೊರೊಂಟೊದ ತಂಗಿ ಕೆನಡಾದ ಪೌರತ್ವ ತಗೊಂಡ ದಿನವೇ ಇಲ್ಲಿನ ಓಟು ಮುಗಿಯಿತು. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಓಟಿಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದದ್ದನ್ನು ನೋಡಿದೆವು. ಸತ್ತವರು, ಎರಡೆರಡು ಕಡೆ ಹೆಸರಿದ್ದವರ ಜೊತೆ, ಊರು ಬಿಟ್ಟವರು ಅನ್ನುವುದೂ ಅಲ್ಲಿ ದೊಡ್ಡ ಕಾರಣ. ಅದೇ ಜರಡಿ ಹಿಡಿದರೆ ನಮ್ಮ ಎಷ್ಟೋ ಮನೆಗಳಲ್ಲಿ ಉಳಿಯುವುದು ಎರಡೇ ಹೆಸರು.

ಆ ಎರಡರಲ್ಲಿ ಒಂದು ಬಹುತೇಕ ಹೆಂಗಸಿನದು. ಇದನ್ನು ನಾವು ಸರಿಯಾಗಿ ನೋಡಿಲ್ಲ. ಗಂಡ ಗಲ್ಫಿನಲ್ಲಿ ಇದ್ದಾಗ ರೇಷನ್ ಕಾರ್ಡಿಗೆ ಓಡಿದವಳು, ಆರ್‌ಟಿಸಿಗೆ ತಾಲೂಕು ಆಫೀಸಿನಲ್ಲಿ ಕಾದವಳು, ಕರೆಂಟು ಹೋದಾಗ ಲೈನ್‌ಮ್ಯಾನಿಗೆ ಫೋನು ಮಾಡಿದವಳು, ಮಗನ ಶಾಲೆಯ ಮೀಟಿಂಗಿಗೆ ಹೋದವಳು ಅವಳೇ. ಇಗರ್ಜಿಯ ಸ್ತ್ರೀ ಸಂಘಟನೆಯಲ್ಲಿ ಲೆಕ್ಕ ಬರೆದವಳೂ ಅವಳೇ. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆಯೂ ಇಲ್ಲ.

2020ರ ಡಿಸೆಂಬರ್‌ನ ಪಂಚಾಯತಿ ಚುನಾವಣೆಯಲ್ಲಿ ನಮ್ಮ ವಾರ್ಡಿನಿಂದ ಅಂಥ ಒಬ್ಬರು ನಿಂತಿದ್ದರು. ಗಂಡ ಕುವೈತಿನಲ್ಲಿ. ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ಅತ್ತೆಗೆ ಮಾತ್ರ ಸುತರಾಂ ಇಷ್ಟ ಇರಲಿಲ್ಲ. ‘ನಾಳೆ ಯಾರಾದರೂ ಬಾಯಿಗೆ ಬಂದಂತೆ ಬೈದರೆ?’ ಅಂತ ಕೇಳಿದರಂತೆ. ‘ಈಗ ಬೈಯುವುದಿಲ್ಲವಾ ಮಾಂಯ್?’ ಅಂದರಂತೆ ಇವರು. ಭಾನುವಾರ ಪೂಜೆ ಮುಗಿಸಿ, ಸೀರೆ ಕೂಡ ಬದಲಿಸದೆ, ಮೊದಲು ಹೋದದ್ದು ಗುಡ್ಡದ ಮೇಲಿನ ಕಾಲೋನಿಗೆ. ಅಲ್ಲಿ ಒಂದೂ ಕ್ರೈಸ್ತ ಮನೆ ಇಲ್ಲ. ಪೈಪು ಬಂದು ಎರಡು ವರ್ಷ ಆಗಿತ್ತು, ನೀರು ಬಂದಿರಲಿಲ್ಲ. ಒಂದು ಮನೆಯ ಜಗಲಿಯಲ್ಲಿ ಕೂತು, ಬೀಡಿ ಸುತ್ತುತ್ತಿದ್ದ ಹೆಂಗಸರ ಹತ್ತಿರ ತುಳುವಿನಲ್ಲೇ ವಿಚಾರಿಸಿದರು. ಸ್ತ್ರೀ ಸಂಘಟನೆಯ ಹಳೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಯಾವ ಮನೆಗೆ ನಲ್ಲಿ ಇದೆ, ಯಾವ ಮನೆಗೆ ಇಲ್ಲ ಅಂತ ಬರೆದುಕೊಳ್ಳುತ್ತಾ ಹೋದರು. ಹದಿನಾಲ್ಕು ಮನೆ ಆಗುವ ಹೊತ್ತಿಗೆ ಕತ್ತಲಾಗಿತ್ತು. ಕುವೈತಿನಿಂದ ಫೋನು ಬಂತು. ‘ಆಮೇಲೆ ಮಾಡ್ತೇನೆ, ಇನ್ನೂ ಮೂರು ಮನೆ ಬಾಕಿ ಇದೆ’ ಅಂತ ಹೇಳಿ ಇಟ್ಟರು.